ಮಿಂಚು ಸಾಹೇಬರ ಕಾರು

ಬೆಳಿಗ್ಗೆ ಹಕ್ಕಿಯಂತೆ ಹಾರಿದ್ದ ಕಾರು ಮಧ್ಯಾಹ್ನದ ಹೊತ್ತಿಗೆ ಉಬ್ಬಸದ ಮುದುಕನಂತಾಯಿತು.

ಅಂದು ಹೊಸ ಮೇಲ್ಸೇತುವೆ ತೆರೆದಿತ್ತು. ಸಂದಣಿಯಲ್ಲಿ ತೆವಳುವುದಷ್ಟೇ ಗೊತ್ತಿದ್ದ ಆ ಹಳೇ ಕಾರು ಮೊದಲ ಸಲ ಖಾಲಿ ರಸ್ತೆ ಕಂಡು, ಸಾಹೇಬರನ್ನು ಕಣ್ಣು ಮಿಟುಕಿಸುವುದರೊಳಗೆ ಕಾರ್ಖಾನೆ ಮುಟ್ಟಿಸಿತ್ತು. ಸಾಹೇಬರು ದಾರಿಯುದ್ದಕ್ಕೂ ಸೀಟಿನಂಚು ಹಿಡಿದು ಕೂತಿದ್ದರು. ಆಮೇಲೆ ಗಿರಾಕಿಯೊಬ್ಬರನ್ನು ನೋಡಲು ಮತ್ತೆ ಹೊರಟಾಗ, ಅದೇ ಸೇತುವೆಯ ಏರಿನಲ್ಲಿ ಡ್ರೈವರ್ ಎಷ್ಟು ತುಳಿದರೂ ಕಾರು 'ಊಂ... ಊಂ...' ಎಂದು ತಿಣುಕಿತೇ ಹೊರತು ವೇಗ ಹಿಡಿಯಲಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಬೆಲ್ಲು ಹೊಡೆದು ದಾಟಿಹೋದ.

ಅದು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ. ಗೋಡೆಯ ಮೇಲೆ ಆಳೆತ್ತರದ ಅಕ್ಷರ: 'ವೇಗವೇ ಜೀವ'. ಹೆಂಗಸರ ಬೆರಳು ರಟ್ಟಿನಂಚಿಗೆ ಸಿಕ್ಕಿ ಕುಯ್ದುಕೊಂಡರೂ, "ರಕ್ತ ಆಮೇಲೆ ಒರೆಸ್ಕೋ, ಮೊದ್ಲು ಪೆಟ್ಟಿಗೆ ಮಡಿಸು" ಎನ್ನುವ ಸಾಹೇಬರಿಗೆ ಎಲ್ಲರೂ ಇಟ್ಟ ಹೆಸರು ಮಿಂಚು. ಡ್ರೈವರನಿಗೆ ಇಟ್ಟದ್ದು ಆಯ್ತುಸಾರ್. ಯಾರು ಏನೇ ಹೇಳಲಿ, ಅವನ ಬಾಯಿಂದ ಬರುತ್ತಿದ್ದುದು ಅದೊಂದೇ ಮಾತು.

ಹಿಂತಿರುಗಿದ ಸಾಹೇಬರು ಅಂಗಳದಲ್ಲೇ ಗುಡುಗಿದರು. "ಸೈಕಲ್ಲಿನವನು ನನ್ನನ್ನ ಹಿಂದೆ ಹಾಕ್ತಾನೆ! ಸಂಜೆಯೊಳಗೆ ಕಾರು ಹಾರ್ಬೇಕು. ಇಲ್ಲಾಂದ್ರೆ ಕೀಲಿ ಮೇಜಿನ ಮೇಲಿಟ್ಟು ನಡಿ!"

"ಆಯ್ತು ಸಾರ್."

ಕೀಲಿ ಹೋದರೆ ಕೆಲಸವಷ್ಟೇ ಅಲ್ಲ, ಗೇಟಿನ ಪಕ್ಕದ ಒಂಟಿ ಕೋಣೆಯೂ ಹೋಗುತ್ತದೆ. ಪೆಟ್ಟಿಗೆ ಮಡಿಸುತ್ತಿದ್ದ ಅವನ ಹೆಂಡತಿ ಕಿಟಕಿಯಿಂದ ನೋಡಿದಳು. ಅವಳ ಕೈ ಮಾತ್ರ ನಿಲ್ಲಲಿಲ್ಲ.

ಬಾನೆಟ್ ಎತ್ತಿದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದಂತೆ ಸಲಹೆಗಾರರು ಮುತ್ತಿದರು.

"ಪೆಟ್ರೋಲಲ್ಲಿ ನೀರು ಸೇರಿದೆ ಅಣ್ಣಾ" ಎಂದ ಕಾವಲುಗಾರ. "ನಮ್ಮ ಷಡ್ಡಕನ ಗಾಡೀಗೂ ಹಿಂಗೇ ಆಗಿತ್ತು."

"ಆಮೇಲೆ ಸರಿಹೋಯ್ತಾ?"

"ಮಾರಿಬಿಟ್ಟ."

ಲೆಕ್ಕದವರು ಕನ್ನಡಕ ಏರಿಸಿಕೊಂಡು, "ಪೆಟ್ರೋಲೂ ಅಲ್ಲ, ಮಣ್ಣೂ ಅಲ್ಲ. ಏರ್ ಫಿಲ್ಟರ್ ಕಟ್ಟಿದೆ. ಗಾಡಿಗೂ ಮೂಗು ಇರತ್ತೆ ಕಣಯ್ಯಾ. ತೆಗೆದು ಕೊಡವು" ಎಂದರು.

"ಆಯ್ತು ಸಾರ್" ಎಂದು ಅವನು ಫಿಲ್ಟರ್ ತೆಗೆದು ಗೋಡೆಗೆ ಬಡಿದ. ವರ್ಷಗಟ್ಟಲೆ ಕೂತಿದ್ದ ಧೂಳೆಲ್ಲ ಲೆಕ್ಕದವರ ಬಿಳಿ ಅಂಗಿಯನ್ನು ಸೇರಿತು. ಕಾರು ಮಾತ್ರ ಹಾಗೇ ಇತ್ತು. ಪ್ಲಗ್ಗು ಬಿಚ್ಚಿ ಉಜ್ಜಿದ್ದಾಯಿತು. ಪೆಟ್ರೋಲನ್ನು ಬಾಟಲಿಗೆ ಹಿಡಿದು ಬಿಸಿಲಿಗೆ ಎತ್ತಿ ನೋಡಿದ್ದಾಯಿತು. ಇಷ್ಟರ ಮಧ್ಯೆ ಮಹಡಿಯ ಮೇಲೆ ಸಾಹೇಬರ ಕೋಣೆಯ ಬಾಗಿಲು ಗಾಳಿಗೆ ಧಡಾರ್ ಧಡಾರ್ ಎಂದು ಬಡಿದುಕೊಳ್ಳುತ್ತಿತ್ತು. ಕೆಲಸಗಾರರ ಮೇಲೆ ಕಣ್ಣಿಡಲು ಸದಾ ತೆರೆದಿಡುವ ಬಾಗಿಲು ಅದು. ಅದಕ್ಕೆ ಕೊಡುವ ಮರದ ಬೆಣೆ ಇವತ್ತು ಕಾಣೆಯಾಗಿದೆಯಂತೆ.

ಊಟದ ಬಿಡುವಿನಲ್ಲಿ ಹೆಂಡತಿ ಬಂದು ಡ್ರೈವರ್ ಸೀಟಿನಲ್ಲಿ ಕೂತಳು. ಅವನು ಬಾನೆಟ್ಟಿನೊಳಗೆ ತಲೆ ತೂರಿಸಿ, ಎಂಜಿನ್ನಿನ ಆಕ್ಸಿಲರೇಟರ್ ತಂತಿಯನ್ನು ಕೈಯಲ್ಲೇ ಎಳೆದ. ಎಂಜಿನ್ ಹುಲಿಯ ಹಾಗೆ ಗರ್ಜಿಸಿತು.

"ಈಗ ನೀನು ಕಾಲಲ್ಲಿ ತುಳಿ!"

ಬೆಕ್ಕಿನ ಹಾಗೆ ಮಿಯಾಂವ್ ಎಂದಿತು.

"ಜೋರಾಗಿ ತುಳಿಯೇ!"

"ತುಳೀತಾನೇ ಇದೀನಿ ಕಣ್ರೀ, ಭೂಮಿಗೆ ತೂತು ಮಾಡ್ಲಾ? ಕೆಳಗೆ ಏನೋ ಅಡ್ಡ ಸಿಗ್ತಿದೆ."

ಕಾಲೊರಸನ್ನು ಎತ್ತಿ ನೋಡಿದರೆ, ಪೆಡಲ್ಲಿನ ನೇರ ಕೆಳಗೆ ಆ ಮರದ ಬೆಣೆ! ಅರ್ಧ ದಾರಿಯಲ್ಲೇ ಪೆಡಲ್ ಅದರ ಮೇಲೆ ಕೂರುತ್ತಿತ್ತು.

"ಇದು ಇಲ್ಲಿಗೆ ಹೆಂಗೆ ಬಂತು?"

"ಇಲಿ ಎಳೆದಿರ್ಬೇಕು" ಎಂದ ಕಾವಲುಗಾರ.

"ಇಲಿಗೆ ಕಾರಿನ ಬಾಗಿಲು ತೆಗೆಯೋಕೆ ಬರತ್ತೇನಪ್ಪಾ?" ಎಂದು ಅವಳು ನಕ್ಕಳು.

ಯಾರು ತಂದರೇನು, ರೋಗ ಸಿಕ್ಕಿತಲ್ಲ! ಅವನು ಬೆಣೆಯನ್ನು ಒರೆಸಿ, ಸಾಹೇಬರು ಊಟಕ್ಕೆ ಹೋಗಿದ್ದಾಗ ಅದರ ಜಾಗಕ್ಕೇ ಕೊಟ್ಟು ಬಂದ. ಬಾಗಿಲು ಸುಮ್ಮನಾಯಿತು. ಅಂಗಳದಲ್ಲಿ ಒಂದು ಸುತ್ತು ಹೊಡೆಸಿದರೆ ಕಾರು ಚಂಗನೆ ನೆಗೆಯಿತು. ಲೆಕ್ಕದವರು ಅಂಗಿ ಕೊಡವಿಕೊಳ್ಳುತ್ತಾ, "ನಾನು ಹೇಳಿರ್ಲಿಲ್ವಾ, ಫಿಲ್ಟರು!" ಎಂದರು.

ಸಂಜೆ ಕೆಲಸ ಬಿಟ್ಟವರೆಲ್ಲ ಗೇಟಿನ ಬಳಿ ನಿಂತರು. ಸಾಹೇಬರು ಇಳಿದು ಬಂದರು, ಒಂದು ಕೈ ಕೋಟಿನ ಜೇಬಿನಲ್ಲಿ.

"ಹಾರತ್ತಾ?"

"ಹಾರತ್ತೆ ಸಾರ್!" ಈ ಸಲ ಹೊಸ ಪದ ಹೊರಟಿತು.

"ಎದ್ದೇಳು, ನಾನೇ ನೋಡ್ತೀನಿ" ಎಂದು ಡ್ರೈವರ್ ಸೀಟಿನಲ್ಲಿ ಕೂತರು. ಪೆನ್ನು ಬಿತ್ತೆಂದು ಕೆಳಗೆ ಬಗ್ಗಿದರು. ಎದ್ದು ಹಿಂದೆ ಹೋಗಿ ಕೂತು, "ನಡಿ!" ಎಂದರು.

ಆಗ ಮೇಲೆ, ಸಾಹೇಬರ ಕೋಣೆಯ ಬಾಗಿಲು ಧಡಾರ್ ಎಂದಿತು.

ಡ್ರೈವರ್ ಪೆಡಲ್ ತುಳಿದ. ಮಿಯಾಂವ್. ಅವನ ಪಾದಕ್ಕೆ ಎಲ್ಲವೂ ಗೊತ್ತಾಯಿತು.

"ನೋಡಿದ್ರಾ!" ಸಾಹೇಬರು ಕಿಟಕಿಯಿಂದ ತಲೆ ಹೊರಹಾಕಿ ಅರಚಿದರು. "ಹೋಗ್ಲಿ, ಇವನ ಹೆಂಡತಿ ಮುಖ ನೋಡಿ ಇನ್ನೊಂದು ದಿನ ಗಡುವು ಕೊಟ್ಟಿದೀನಿ!"

"ಎಂಥಾ ದೊಡ್ಡ ಮನಸ್ಸು!" ಎಂದರು ಲೆಕ್ಕದವರು.

ಸೇತುವೆಯ ಏರಿನಲ್ಲಿ ಕಾರು ತೆವಳಿತು. ಕನ್ನಡಿಯಲ್ಲಿ ಕಂಡರು ಸಾಹೇಬರು: ಕಣ್ಣು ಮುಚ್ಚಿದ್ದರು, ಎರಡೂ ಕೈಯಿಂದ ಸೀಟು ಹಿಡಿದಿದ್ದರು. ಊರಿಗೆಲ್ಲ ವೇಗ ಕಲಿಸುವ ಮನುಷ್ಯ ಎಳೆಗೂಸಿನ ದನಿಯಲ್ಲಿ ಹೇಳಿದರು:

"ಇಷ್ಟೇ ಇರ್ಲಿ ಕಣೋ. ಬೆಳಿಗ್ಗೆ ಜೀವಾನೇ ಹೋಗಿತ್ತು."

ಕಣ್ಣು ತೆರೆಯದೆಯೇ ಸೇರಿಸಿದರು: "ನಾಳೆ ಮತ್ತೆ ಎಲ್ಲರೆದುರು ಬಯ್ತೀನಿ. ಮನಸ್ಸಿಗೆ ಹಚ್ಕೋಬೇಡ. ಗಡುವು ದಿನಾ ಕೊಡ್ತೀನಿ."

ಖಾಲಿ ಕ್ಯಾನಿನ ಸೈಕಲ್ಲಿನವನು ಮತ್ತೆ ಪಕ್ಕಕ್ಕೆ ಬಂದು, "ಓಡ್ಸೋಕೆ ಬರಲ್ವೇನಣ್ಣಾ?" ಎಂದು ಕೂಗಿದ.

ಸಾಹೇಬರು ತಟ್ಟನೆ ಕಣ್ಣು ತೆರೆದು, ಗಾಜು ಇಳಿಸಿ, ಮತ್ತೆ ಮಿಂಚಾದರು. "ಹೇಳಪ್ಪಾ, ನೀನಾದ್ರೂ ಬುದ್ಧಿ ಹೇಳು ಇವನಿಗೆ!"

"ಆಯ್ತು ಸಾರ್" ಎಂದ ಸೈಕಲ್ಲಿನವನು.

ತನ್ನ ಇದ್ದೊಂದು ಮಾತನ್ನೂ ಅವನು ಎತ್ತಿಕೊಂಡು ಹೋದದ್ದನ್ನು ನೋಡುತ್ತಾ, ಡ್ರೈವರ್ ಬೆಣೆಯ ಮೇಲೆ ಕಾಲಿಟ್ಟು ಕೂತ.