ನಾಲ್ಕನೇ ಬಾಟ್ಲಿಯ ತೀರ್ಪು

ಆ ಬೆಳಿಗ್ಗೆ ಸಮುದ್ರದ ಮೇಲೆ ಮಂಜು ಕವಿಯದೇ ಇದ್ದಿದ್ದರೆ ಎರ್ಲೆಂಡ್ ಫೌಬಿಸ್ಟರನ ಇಪ್ಪತ್ತೆರಡು ವರ್ಷದ ಸಂಸಾರ ಹಾಗೇ ನೆಮ್ಮದಿಯಿಂದ ಸಾಗಿಬಿಡುತ್ತಿತ್ತು. ಮಂಜು ಕವಿಯಿತು. ಕಿರ್ಕ್‌ವಾಲ್ ಪಟ್ಟಣದಿಂದ ಹೊರಡಬೇಕಿದ್ದ ದೋಣಿ ಅಲ್ಲೇ ನಿಂತಿತು, ಅದರಲ್ಲಿ ಬರಬೇಕಿದ್ದ ತೀರ್ಪುಗಾರನೂ ಅಲ್ಲೇ ಉಳಿದ. ದ್ವೀಪದ ದನಗಳ ಪ್ರದರ್ಶನದಲ್ಲಿ, ಮನೆಮನೆಯಲ್ಲಿ ಬಾರ್ಲಿಯಿಂದ ಮಾಡಿ ತಂದ ಬಿಯರಿನಂಥ ಏಲ್‌ಗೆ ಬಹುಮಾನ ಕೊಡುವವರೇ ಇಲ್ಲದಂತಾಯಿತು.

ಎರ್ಲೆಂಡ್ ತನ್ನ ಹೆಣ್ಣುಹಂದಿ ಪೆಗ್ಗಿಯನ್ನು ಪ್ರದರ್ಶನಕ್ಕೆ ತಂದು ಅದರ ಬೆನ್ನುಜ್ಜುತ್ತಿದ್ದ. ಪ್ರದರ್ಶನದ ಕಾರ್ಯದರ್ಶಿ ಡೇವೊ ಇಸ್ಬಿಸ್ಟರ್ ಬಂದು ಬೇಲಿ ಹಿಡಿದು ನಿಂತ.

"ತೀರ್ಪು ನೀನೇ ಹೇಳ್ಬೇಕು ಮಾರಾಯ. ಏಲ್ ಮಾಡದ ಗಂಡಸರು ಈ ದ್ವೀಪದಲ್ಲಿ ಇಬ್ಬರೇ. ಒಬ್ರು ಪಾದ್ರಿಗಳು, ಅವರು ಮುಟ್ಟಲ್ಲ. ಇನ್ನೊಬ್ಬ ನೀನು. ದಿನಾ ಸಂಜೆ ಹೆಂಡ್ತಿ ಇಂಗಾ ಕೈಯಿಂದ ಒಂದು ಮಗ್ಗು ಇಸ್ಕೊಂಡು ಕುಡೀತೀಯ. ಇಷ್ಟು ಪಳಗಿದ ನಾಲಿಗೆ ಇನ್ನೆಲ್ಲಿ ಹುಡುಕಲಿ?"

"ಇಂಗಾನೇ ಏಲ್ ಇಟ್ಟಿದ್ರೆ?"

"ಬಾಟ್ಲಿ ಮೇಲೆ ಹೆಸರಿರಲ್ಲ, ನಂಬರ್ ಅಷ್ಟೇ."

ಹೆಂಡತಿ ಇಂಗಾ ಬಂದು ಅವನ ಕಾಲರ್ ಸರಿಮಾಡಿದಳು. "ಈ ಸಲ ನಾನೂ ಒಂದು ಇಟ್ಟಿದೀನಿ. ನಂಬರ್ ಹೇಳಲ್ಲ, ಮೋಸ ಆಗುತ್ತೆ. ಇಪ್ಪತ್ತೆರಡು ವರ್ಷ ಕುಡಿದವನಿಗೆ ಹೇಳೋದೇನು?" ಅವಳ ಬೆರಳು ಯಾಕೋ ತಣ್ಣಗಿದ್ದವು. ಎರ್ಲೆಂಡನ ಎದೆ ಅದಕ್ಕಿಂತ ತಣ್ಣಗಾಯಿತು.

ಏಕೆಂದರೆ ಇಪ್ಪತ್ತೆರಡು ವರ್ಷದಲ್ಲಿ ಅವನು ಕುಡಿದದ್ದು ಒಂದೇ ಗುಟುಕು. ಮದುವೆಯಾದ ಮೊದಲ ವಾರ ಹೊಸ ಹೆಂಡತಿ ಮಗ್ಗು ಕೊಟ್ಟು ಎದುರಿಗೇ ನಿಂತಿದ್ದಳು. ಗಾಡಿಯ ಕೀಲೆಣ್ಣೆಯನ್ನು ಹುಳಿ ಮಜ್ಜಿಗೆಗೆ ಕಲಸಿದಂತಿತ್ತು. ನುಂಗಿ, "ಬಹಳ ಚೆನ್ನಾಗಿದೆ" ಅಂದಿದ್ದ. ಮರುದಿನದಿಂದ, ಹೊರಗಿನ ಗಾಳಿಯಲ್ಲಿ ಕುಡಿದರೆ ರುಚಿ ಹೆಚ್ಚು ಎಂದು ಹೇಳಿ ಮಗ್ಗು ಹಿಡಿದುಕೊಂಡು ಹಂದಿಗೂಡಿನ ಕಡೆ ಹೋಗುವುದನ್ನು ರೂಢಿ ಮಾಡಿಕೊಂಡ. ಇಲ್ಲಿಯವರೆಗೆ ಹಂದಿಗಳ ಮೂರು ತಲೆಮಾರು ಇಂಗಾಳ ಏಲ್ ಕುಡಿದು ಕೊಬ್ಬಿದ್ದವು.

ಡೇರೆಯೊಳಗೆ ಜನ ಚರ್ಚಿನಲ್ಲಿ ಕೂತಂತೆ ಕೂತಿದ್ದರು. ಮೇಜಿನ ಮೇಲೆ ಆರು ಬಾಟ್ಲಿ, ಆರು ಗ್ಲಾಸು. ಒಂದನೆಯದು ಹೊಗೆ ಹೊಗೆ. ಎರಡನೆಯದನ್ನು ಬಾಯಿಗಿಟ್ಟವನೇ ಎರ್ಲೆಂಡ್ ಕಲ್ಲಾದ. ಅದೇ ಕೀಲೆಣ್ಣೆ, ಅದೇ ಮಜ್ಜಿಗೆ. ಇದು ಇಂಗಾಳದೇ ಎಂದು ನಾಲಿಗೆ ಸಾಕ್ಷಿ ಹೇಳಿತು. ಆದರೆ ಬುದ್ಧಿ ಒಪ್ಪಲಿಲ್ಲ. ದಿನಾ ಗಂಜಿ ಕಾಯಿಸುವವಳು ಇಪ್ಪತ್ತೆರಡು ವರ್ಷವೂ ಗಂಜಿ ಸೀಯಿಸುತ್ತಾಳೆಯೇ? ಮೂರನೆಯದು ನೀರು. ನಾಲ್ಕನೆಯದರಲ್ಲಿ ಹುರಿದ ಬಾರ್ಲಿಯ ಘಮ, ಹಿಂದೆಯೇ ಜೇನಿನ ನೆನಪು, ಕೊನೆಗೆ ಹಿತವಾದ ಒಂದು ಕಹಿ. ಉಳಿದೆರಡು ಲೆಕ್ಕಕ್ಕಿಲ್ಲ.

ಎರಡೋ ನಾಲ್ಕೋ? ಇಂಗಾಳ ಏಲನ್ನು ಬಲ್ಲ ಜೀವ ದ್ವೀಪದಲ್ಲಿ ಒಂದೇ ಇತ್ತು, ಡೇರೆಯ ಹಿಂದುಗಡೆ ಬೇಲಿಯೊಳಗಿತ್ತು.

"ಬಣ್ಣ ಹೊರಗಿನ ಬೆಳಕಲ್ಲಿ ನೋಡ್ಬೇಕು," ಎಂದು ಎರ್ಲೆಂಡ್ ಗ್ಲಾಸುಗಳಿದ್ದ ತಟ್ಟೆ ಎತ್ತಿಕೊಂಡು ನಡೆದ.

"ನೋಡಿದ್ರಾ, ಕಿರ್ಕ್‌ವಾಲ್‌ನವನು ಇಷ್ಟು ಶ್ರದ್ಧೆ ತೋರಿಸ್ತಿರ್ಲಿಲ್ಲ," ಅಂದರು ಯಾರೋ.

ಪೆಗ್ಗಿ ಎರಡನೇ ಗ್ಲಾಸು ಮೂಸಿ, ಮೂಲೆಗೆ ಹೋಗಿ ಬೇಲಿಗೆ ಮುಖ ಮಾಡಿ ನಿಂತಿತು. ನಾಲ್ಕನೆಯದನ್ನು ಹಿಡಿದದ್ದೇ ತಡ, ತವರಿನವರನ್ನು ಕಂಡಂತೆ ಓಡಿಬಂತು. ಕುಡಿಯಿತು, ಗ್ಲಾಸು ನೆಕ್ಕಿತು, ಅವನ ಕೈ ನೆಕ್ಕಿತು. ಇನ್ನು ಅನುಮಾನವೇನಿದೆ? ಎರ್ಲೆಂಡ್ ಮೀಸೆ ಒರೆಸಿಕೊಂಡು ಒಳಗೆ ಬಂದ.

"ಎರಡನೇ ಬಾಟ್ಲಿಯನ್ನ ಹಂದಿ ಕೂಡ ಮುಟ್ಟಲ್ಲ," ಎಂದು ಗಂಭೀರವಾಗಿ ಶುರುಮಾಡಿದ. "ಇದು ಬರೀ ಮಾತಿಗೆ ಹೇಳ್ತಿರೋದಲ್ಲ. ಬಹುಮಾನ ನಾಲ್ಕನೆಯದಕ್ಕೆ. ಈ ರುಚಿ ನನಗೆ ಹೊಸದಲ್ಲ. ಇಪ್ಪತ್ತೆರಡು ವರ್ಷದಿಂದ ಒಂದು ಸಂಜೆಯೂ ತಪ್ಪಿಸದೆ ಈ ಕೈ ನನಗೆ ಉಣಿಸಿದೆ. ಇಷ್ಟು ವರ್ಷ ನಾನು ಬಾಯಿಬಿಟ್ಟು ಹೇಳಿರ್ಲಿಲ್ಲ. ಇವತ್ತು ಎಲ್ಲರ ಮುಂದೆ ಹೇಳ್ತೀನಿ, ಆ ಕೈ ಇಲ್ದೆ ನಾನಿಲ್ಲ."

ಹೆಂಗಸರು ಕಣ್ಣೊರೆಸಿಕೊಂಡರು. ಡೇವೊ ಹೆಸರುಗಳಿದ್ದ ಚೀಟಿ ಬಿಡಿಸಿದ. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದ.

"ನಾಲ್ಕು. ಥೋರಾ ಹೆಡಲ್."

ಥೋರಾ ಹೆಡಲ್ ಎರ್ಲೆಂಡನ ಪಕ್ಕದ ಹೊಲದ ವಿಧವೆ, ಅರವತ್ತೆಂಟರವಳು. ಡೇರೆಯಲ್ಲಿ ಎಲ್ಲರ ತಲೆ ಅವಳ ಕಡೆ ತಿರುಗಿತು. ಆಮೇಲೆ ಹಿಂದಿನ ಬೆಂಚಿನಲ್ಲಿ ಪಿಸುಮಾತು ಶುರುವಾಯಿತು.

"ಅವಳ ಗಂಡ ತೀರಿಹೋಗಿ ಎಷ್ಟಾಯ್ತು?"

"ಇಪ್ಪತ್ಮೂರು."

"ಹಾಗಾದ್ರೆ ಒಂದು ವರ್ಷ ಕಾದಿದಾಳೆ. ಪಾಪ, ಮರ್ಯಾದಸ್ಥೆ."

ಥೋರಾ ಇಂಗಾಳನ್ನೇ ನೋಡಿದಳು, ಏನಾದರೂ ಹೇಳು ಎಂಬಂತೆ. ಇಂಗಾ ನೆಲ ನೋಡಿದಳು. ಥೋರಾ ಬಹುಮಾನದ ರಿಬ್ಬನ್ ಮೇಜಿನ ಮೇಲೆ ಎಸೆದು, "ಫೌಬಿಸ್ಟರ್ ಮನೆಯವರು ಯಾರೂ ಇನ್ನು ನನ್ನ ಹೊಸಿಲು ತುಳೀಬೇಡಿ," ಎಂದು ಹೊರಟುಹೋದಳು.

ಸಂಜೆ ಮನೆಯಲ್ಲಿ ಇಂಗಾ ಶಾಲು ತೆಗೆದಿಟ್ಟು ಎರ್ಲೆಂಡನ ಎದುರು ಬಂದು ನಿಂತಳು.

"ಆ ಮೊದಲನೇ ಗುಟುಕು ನುಂಗುವಾಗ ನಿನ್ನ ಕಣ್ಣಲ್ಲಿ ನೀರು ಬಂತು. ನಾನು ನೋಡಿದ್ದೆ. ಮಾರನೇ ದಿನವೇ ಒಂದು ಡಜನ್ ಮೊಟ್ಟೆ ಕಟ್ಕೊಂಡು ಥೋರಾ ಹತ್ರ ಹೋದೆ. ಅವತ್ತಿಂದ ಈ ಮನೇಲಿ ನೀನು ಕುಡಿದದ್ದೆಲ್ಲ ಅವಳ ಏಲ್. ಅದಕ್ಕೆ ವಾರಕ್ಕೊಂದು ಡಜನ್ ಮೊಟ್ಟೆ. ಡೇರೇಲಿ ಹೇಳ್ಬೇಕು ಅಂತ ಬಾಯಿ ತೆರೆದೆ, ಆಗ್ಲಿಲ್ಲ. ಏಲ್ ಮಾಡೋಕೆ ಬರದ ಹೆಂಗಸು ಅನ್ನಿಸ್ಕೊಂಡು ಈ ದ್ವೀಪದಲ್ಲಿ ಬದುಕೋದು ಹೇಗೆ?"

ಎರ್ಲೆಂಡ್ ತನ್ನ ಸತ್ಯವನ್ನೂ ಹೇಳಲು ಬಾಯಿ ತೆರೆದ. ಇಪ್ಪತ್ತೆರಡು ವರ್ಷದ ಮೊಟ್ಟೆಗಳು ಸಾಲಾಗಿ ಹಂದಿಗೂಡಿನ ಕಡೆ ಉರುಳಿದಂತೆ ಕಂಡಿತು. ಬಾಯಿ ಮುಚ್ಚಿಕೊಂಡ.

"ನಿನಗೆ ಅಷ್ಟು ಇಷ್ಟ ಅಂತ ಈ ಸಲ ನಾನೇ ಕಷ್ಟಪಟ್ಟು ಮಾಡ್ದೆ. ಎರಡನೇ ನಂಬರ್ ನಂದು," ಅಂದಳು ಇಂಗಾ. "ಹಂದಿ ಕೂಡ ಮುಟ್ಟಲ್ಲ ಅಂದೆ."

"ಅದು… ಸಭೆ ಅಂದ್ರೆ ಏನೋ ಒಂದು ಹೇಳ್ಬೇಕಲ್ಲ."

"ಥೋರಾ ಇನ್ನು ಕೊಡಲ್ಲ. ನಂದು ಮೂವತ್ತೆಂಟು ಬಾಟ್ಲಿ ಇದೆ." ಅವಳು ಮಗ್ಗು ತುಂಬಿ ಮುಂದಿಟ್ಟಳು.

ಎರ್ಲೆಂಡ್ ಅಭ್ಯಾಸಬಲದಿಂದ ಮಗ್ಗು ಹಿಡಿದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ.

"ಎಲ್ಲಿಗೆ?"

"ಹೊರಗೆ. ಗಾಳಿಗೆ."

"ಇಲ್ಲೇ ಕೂತ್ಕೋ. ಆ ಮೊದಲನೇ ವಾರ ಬಿಟ್ರೆ ನೀನು ಕುಡಿಯೋದನ್ನ ನಾನು ನೋಡೇ ಇಲ್ಲ."

ಅವನು ಕೂತ. ತೆರೆದ ಕಿಟಕಿಯಾಚೆ ಪೆಗ್ಗಿ ತನ್ನ ಹೊತ್ತಾಯಿತೆಂದು ಬೇಲಿಗೆ ಮೂತಿಯಿಟ್ಟು ಕಾಯುತ್ತಿತ್ತು. ಮನೆಯ ಕಡೆಯಿಂದ ಗಾಳಿ ಅತ್ತ ಬೀಸಿತು. ಪೆಗ್ಗಿ ಒಮ್ಮೆ ಮೂಸಿ ನೋಡಿ, ಬೆನ್ನು ತಿರುಗಿಸಿ ಗೂಡಿನೊಳಗೆ ಹೋಯಿತು.