ಅತ್ತೆಯ ಮಂಡಿಯೂ ನನ್ನ ಡಿಗ್ರಿಯೂ

ಬೇರೆಯವರ ಬೆನ್ನು ನೇರ ಮಾಡುವ ವಿದ್ಯೆ ಕಲಿಯಬೇಕಾದರೆ ಮೊದಲು ನಮ್ಮ ಬೆನ್ನು ಮುರಿಯಬೇಕು ಎಂಬ ನಿಯಮವನ್ನು ಯಾವ ಮಹಾನುಭಾವರು ಮಾಡಿದರೋ ಗೊತ್ತಿಲ್ಲ. ಫಿಸಿಯೊಥೆರಪಿ ಕಾಲೇಜಿಗೆ ಅರ್ಜಿ ಹಾಕಲು ಎರಡು ವರ್ಷದಿಂದ ತಯಾರಾಗುತ್ತಿದ್ದೇನೆ. (ಓದಲು ಅಲ್ಲ, ಬರೀ ಅರ್ಜಿ ಹಾಕಲು.) ಭೌತಶಾಸ್ತ್ರ ಮುಗಿಸಿದೆ, ರಸಾಯನಶಾಸ್ತ್ರ ನನ್ನನ್ನು ಮುಗಿಸಿತು. ಇನ್ನೂರಾರು ಮೂಳೆಗಳ ಹೆಸರನ್ನು ಲಾಲಿಯ ರಾಗಕ್ಕೆ ಹಾಕಿ ಮಗುವನ್ನು ಮಲಗಿಸಿದ್ದೇನೆ. ನನ್ನ ಮಗಳು ಹ್ಯಾಟಿ ಮೊದಲು ಆಡಿದ ಮಾತು ‘ಅಮ್ಮ’ ಅಲ್ಲ, ‘ಟಿಬಿಯಾ’.

ಈ ಹುಚ್ಚು ಹತ್ತಿಸಿದವಳೂ ಅವಳೇ. ಹುಟ್ಟಿದಾಗ ಕೂಸಿನ ಕತ್ತು ಒಂದೇ ಕಡೆಗೆ ವಾಲಿಕೊಂಡಿತ್ತು. ನಾನು ಎಡಗಡೆಯಿಂದ ಕರೆದರೆ ಅವಳು ಬಲಗಡೆಯ ಗೋಡೆ ನೋಡಿ ನಗುತ್ತಿದ್ದಳು. ಆಗ ಒಬ್ಬ ಥೆರಪಿಸ್ಟ್ ಎರಡೇ ಬೆರಳಿನಲ್ಲಿ, ಹೂವಿನ ದಂಟು ತಿರುಗಿಸಿದ ಹಾಗೆ, ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಆ ಕತ್ತನ್ನು ತಿರುಗಿಸಿದರು. ಮೂರನೇ ತಿಂಗಳು ಹ್ಯಾಟಿ ಎಡಕ್ಕೆ ತಿರುಗಿ ನನ್ನನ್ನು ನೋಡಿದಳು. ಅವತ್ತೇ ತೀರ್ಮಾನಿಸಿದೆ, ಆ ಬೆರಳುಗಳು ನನಗೂ ಬೇಕು ಎಂದು.

ಕಾಲೇಜಿನವರಿಗೆ ಬೆರಳು ಬೇಡ. ಅವರಿಗೆ ಬೇಕಾದದ್ದು ‘ವೀಕ್ಷಣೆಯ ಗಂಟೆಗಳು’. ಎಂದರೆ, ಲೈಸೆನ್ಸ್ ಇರುವ ಥೆರಪಿಸ್ಟ್ ಕೆಲಸ ಮಾಡುವಾಗ ಪಕ್ಕದಲ್ಲಿ ಕೈಕಟ್ಟಿ ನಿಂತು ನೋಡಬೇಕು. ನಾನು ನೋಡಿದ್ದು ನಿಜ ಎಂದು ಅವರು ಸಹಿ ಹಾಕಬೇಕು. ಒಟ್ಟು ನಲವತ್ತು ಗಂಟೆ. ಅದರಲ್ಲಿ ಇಪ್ಪತ್ತನ್ನು ಆಸ್ಪತ್ರೆಯಲ್ಲಿ ಹೇಗೋ ಮುಗಿಸಿದ್ದೆ. ಉಳಿದ ಇಪ್ಪತ್ತು ರೋಗಿಯ ಮನೆಯಲ್ಲೇ ಆಗಬೇಕಂತೆ. ಅದೂ ಅಕ್ಟೋಬರ್ ಒಂದರೊಳಗೆ. ನಮ್ಮ ಪಶ್ಚಿಮ ನೆಬ್ರಾಸ್ಕಾದಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಷ್ಟರಲ್ಲಿ ಸಾವಿರ ದನ ಎದುರಾಗುತ್ತವೆ. ಮಂಡಿನೋವಿನ ಮನುಷ್ಯ ಒಬ್ಬನೂ ಸಿಗುವುದಿಲ್ಲ.

ಆಗಲೇ, ಆಗಸ್ಟ್ ತಿಂಗಳ ಮೊದಲ ವಾರದಲ್ಲಿ, ನನ್ನ ಅತ್ತೆ ಲವೋನ್ ಅವರ ಬಲಮಂಡಿಯನ್ನು ಆಸ್ಪತ್ರೆಯಲ್ಲಿ ಬದಲಾಯಿಸಿದರು.

“ಅಮ್ಮ ಕೆಲವು ವಾರ ನಮ್ಮಲ್ಲೇ ಇರ್ತಾಳೆ,” ಎಂದು ನನ್ನ ಗಂಡ ಕರ್ಟ್ ಬಾಗಿಲಲ್ಲೇ ನಿಂತು ಹೇಳಿದ. ಒಂದೇ ಬೂಟು ಬಿಚ್ಚಿದ್ದ. ಇನ್ನೊಂದನ್ನು ಓಡಿಹೋಗಲು ಇಟ್ಟುಕೊಂಡಿದ್ದ. “ವಾರಕ್ಕೆ ಮೂರು ಸಲ ಮನೆಗೇ ಥೆರಪಿಸ್ಟ್ ಬರ್ತಾರಂತೆ. ನೀನು ಬೇಜಾರು...”

“ಕರ್ಕೊಂಡ್ ಬಾ! ಇವತ್ತೇ ಕರ್ಕೊಂಡ್ ಬಾ!”

“ಕೆಂಡ್ರಾ, ನಿಂಗೆ ಜ್ವರ ಗಿರ ಬಂದಿಲ್ಲ ತಾನೆ?”

ಜ್ವರವಲ್ಲ, ಲೆಕ್ಕ. ವಾರಕ್ಕೆ ಮೂರು ಗಂಟೆ, ಏಳು ವಾರ: ಇಪ್ಪತ್ತೊಂದು. ದೇವರು ಒಂದು ಗಂಟೆ ಹೆಚ್ಚಿಗೇ ಕೊಟ್ಟಿದ್ದ.

ಮೊದಲ ದಿನ ನಾನು ಕ್ಲಾಸಿನಿಂದ ಬರುವಷ್ಟರಲ್ಲಿ ಯಾರೋ ಬಂದು ಹೋಗಿಯಾಗಿತ್ತು. “ಯಾರೋ ಹೆಂಗಸು ಕಣೆ, ಹನಿ. ಮಂಡಿ ಅಳತೆ ತಗೊಂಡು ಹೋದ್ಳು, ಪರದೆ ಹೊಲಿಯೋರ ಥರ,” ಎಂದರು ಅತ್ತೆ. (ಅವರು ನನ್ನನ್ನು ಮುದ್ದಿನಿಂದ ‘ಹನಿ’ ಎನ್ನುತ್ತಾರೆ. ಆ ಒಂದೊಂದು ಹನಿಯ ಹಿಂದೆಯೂ ಒಂದೊಂದು ಕೊಡ ಕೆಲಸ ಬರುತ್ತದೆ.) ಎರಡನೇ ದಿನದಿಂದ ಕ್ವೆಂಟಿನ್ ಬರತೊಡಗಿದ. ಹಸನ್ಮುಖಿ, ಬಲಿಷ್ಠ ತೋಳು. ಕೊರಳಲ್ಲಿ ತೂಗುವ ಕಾರ್ಡು ಮಾತ್ರ ಸದಾ ನಮಗೆ ಬೆನ್ನು ತಿರುಗಿಸಿಕೊಂಡಿರುತ್ತಿತ್ತು. ಅತ್ತೆ ಅವನನ್ನು ‘ನನ್ನ ಥೆರಪಿಸ್ಟ್’ ಎಂದು ಫೋನಿನಲ್ಲಿ ಇಡೀ ಚರ್ಚಿಗೆ ಪರಿಚಯಿಸಿದರು. ಅವನು ಮಂಡಿ ಮಡಿಸುತ್ತಿದ್ದ, ಅತ್ತೆ ಕಿರುಚುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಕೊನೆಗೆ ಅವನು ನನ್ನ ಕಾಗದಕ್ಕೆ ಸಹಿ ಹಾಕುತ್ತಿದ್ದ. ಇಂಥ ಸುಖೀ ಸಂಸಾರ ನಮ್ಮ ಮನೆ ಕಂಡೇ ಇರಲಿಲ್ಲ.

ಮೂರನೇ ವಾರ ಸಿಡಿಲು ಬಡಿಯಿತು. “ಆಗಲೇ ಎಂಬತ್ತೆಂಟು ಡಿಗ್ರಿ ಮಡಿಸ್ತಿದ್ದಾರೆ, ಭೇಷ್! ಹೀಗೇ ಏರ್ತಾ ಹೋದ್ರೆ ಮುಂದಿನ ವಾರದಿಂದ ನಾನು ಬರೋದೇ ಬೇಡ,” ಎಂದ ಕ್ವೆಂಟಿನ್.

ನನ್ನ ಬಳಿ ಆಗ ಇದ್ದದ್ದು ಎಂಟು ಗಂಟೆ. ಅತ್ತೆಯ ಡಿಗ್ರಿ ಏರಿದಷ್ಟೂ ನನ್ನ ಡಿಗ್ರಿ ಇಳಿಯುತ್ತದೆ ಎಂಬ ಘೋರ ಸತ್ಯ ಆಗ ಹೊಳೆಯಿತು.

ನಾನು ಬೇಕೆಂದು ಏನೂ ಮಾಡಲಿಲ್ಲ. (ಡೈರಿಯಲ್ಲಿ ಸುಳ್ಳು ಬರೆಯಬಾರದು: ಅರ್ಧ ಬೇಕೆಂದೇ ಮಾಡಿದೆ.) ಸಹಿಗಾಗಿ ಸಿಹಿ ಮಾಡಿದೆ. ಚಿಲ್ಲಿ ಸೂಪಿನ ಜೊತೆ ದಾಲ್ಚಿನ್ನಿ ರೋಲು, ಭಾನುವಾರ ರೂಬಾರ್ಬ್ ಪೈ, ಎಲ್ಲವೂ ಅತ್ತೆಯ ಕುರ್ಚಿಗೇ ಬಂತು. ಎದ್ದು ನೀರು ತರಲು ಹೊರಟರೆ “ಕೂತ್ಕೊಳ್ಳಿ ಅಮ್ಮಾ, ನಾನಿಲ್ವಾ?” ಎಂದೆ. ಕಾಲುಚೀಲ ನಾನೇ ತೊಡಿಸಿದೆ. ಟಿವಿ ರಿಮೋಟು ಕೈಗೇ ಕೊಟ್ಟೆ. ಇಂಥ ಸೊಸೆ ಯಾರಿಗೂ ಸಿಗಲಿಲ್ಲವೆಂದು ಅತ್ತೆ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ನನ್ನ ಕಣ್ಣೀರಿಗೆ ಕಾರಣ ಬೇರೆ. ಅಷ್ಟರಲ್ಲಿ ನಿಜವಾಗಿಯೂ ಅವರ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತು, ಅದೇ ದೊಡ್ಡ ನೋವು.

ಮಂಡಿ ಎಂಬತ್ತೆಂಟರಲ್ಲೇ ಧರಣಿ ಕೂತಿತು. ಕ್ವೆಂಟಿನ್ ತಲೆ ಕೆರೆದುಕೊಂಡು ಕೆರೆದುಕೊಂಡು ಏಳನೇ ವಾರದವರೆಗೂ ಬಂದ. ಹತ್ತೊಂಬತ್ತು ಗಂಟೆ. ಇಪ್ಪತ್ತನೆಯದಕ್ಕೆ, ಸೆಪ್ಟೆಂಬರ್ ಇಪ್ಪತ್ತೆಂಟರಂದು, ಅವನ ಹಿಂದೆಯೇ ಒಬ್ಬ ಹೆಂಗಸು ಒಳಗೆ ಬಂದರು.

“ಇವ್ಳೇ ಕಣೆ, ಪರದೆಯವಳು!” ಎಂದು ಅತ್ತೆ ನನ್ನ ಕಿವಿಯಲ್ಲಿ ಅಂದರು, ಇಡೀ ಕೋಣೆಗೆ ಕೇಳುವಂತೆ.

“ಡಾಕ್ಟರ್ ಸ್ವೊಬೊಡಾ. ನಾನು ಇವರ ಥೆರಪಿಸ್ಟ್,” ಎಂದರು ಆಕೆ.

ನಾನು ನಕ್ಕೆ. “ಇವರ ಥೆರಪಿಸ್ಟ್ ಕ್ವೆಂಟಿನ್ ಅಲ್ವಾ?”

ಕ್ವೆಂಟಿನ್ ನಿಧಾನವಾಗಿ ಕೊರಳಿನ ಕಾರ್ಡು ತಿರುಗಿಸಿದ. ‘ಥೆರಪಿಸ್ಟ್’ ಎಂಬುದರ ಮುಂದೆ ಇನ್ನೊಂದು ಪದ ಇತ್ತು: ‘ಅಸಿಸ್ಟೆಂಟ್’.

“ನಾನು ಯಾವತ್ತೂ ಥೆರಪಿಸ್ಟ್ ಅಂದಿಲ್ಲ,” ಎಂದ ಅವನು, ಕಾರ್ಪೆಟ್ಟು ನೋಡುತ್ತ. “ನೀವೇ ಎಲ್ಲರೂ ಅಂದ್ರಿ. ಕೇಳೋಕೆ ನಂಗೂ ಚೆನ್ನಾಗಿತ್ತು.”

“ಹಾಗಾದ್ರೆ... ನನ್ನ ಹತ್ತೊಂಬತ್ತು ಗಂಟೆ?”

“ಥೆರಪಿಸ್ಟ್ ಸಹಿ ಇಲ್ದೆ ಕಾಲೇಜಿನೋರು ತಗೊಳ್ಳಲ್ಲ,” ಎಂದರು ಸ್ವೊಬೊಡಾ, ಮೆತ್ತಗೆ. “ಇವತ್ತಿನ ಒಂದು ಗಂಟೆಗೆ ನಾನು ಖಂಡಿತ ಹಾಕ್ತೀನಿ.”

ಇನ್ನೂರಾರು ಮೂಳೆಗಳನ್ನು ಕಣ್ಣುಮುಚ್ಚಿ ಗುರುತಿಸುವ ನಾನು ಏಳು ವಾರದಲ್ಲಿ ಒಂದು ಕಾರ್ಡು ತಿರುಗಿಸಿ ನೋಡಿರಲಿಲ್ಲ. ಅರ್ಜಿಗೆ ಮೂರು ದಿನ ಉಳಿದಿತ್ತು. ಎಂದರೆ ಇನ್ನೊಂದು ವರ್ಷ ಉಳಿದಿತ್ತು.

ಸ್ವೊಬೊಡಾ ಅಷ್ಟರಲ್ಲಿ ಮಂಡಿ ಹಿಡಿದು ಕೂತಿದ್ದರು. “ಏಳು ವಾರಕ್ಕೆ ಎಂಬತ್ತೆಂಟು. ಇದು ಸರಿಯಿಲ್ಲ. ನೀವು ಮನೇಲಿ ಎಷ್ಟು ಓಡಾಡ್ತೀರಿ? ನೀರು ಯಾರು ತರ್ತಾರೆ?”

“ಕೆಂಡ್ರಾ,” ಎಂದರು ಅತ್ತೆ, ಹೆಮ್ಮೆಯಿಂದ.

“ಊಟ?”

“ಕೆಂಡ್ರಾ. ಕೈಗೇ ತಂದ್ಕೊಡ್ತಾಳೆ.”

“ಕಾಲುಚೀಲ?”

“ಅದೂ ಕೆಂಡ್ರಾನೇ.”

“ಬಾತ್‌ರೂಮಿಗಾದ್ರೂ ನೀವೇ ಹೋಗ್ತೀರಾ?”

“ಅದೊಂದಕ್ಕೆ ನಾನೇ. ಅವಳ ಕೈಲಿ ಆಗಿದ್ರೆ ಅದಕ್ಕೂ ಅವಳೇ ಹೋಗ್ತಿದ್ಳು. ಬಂಗಾರದಂಥ ಹುಡುಗಿ ಕಣ್ರೀ ನನ್ನ ಸೊಸೆ.”

ಸ್ವೊಬೊಡಾ ಬಂಗಾರದ ಕಡೆ ಒಮ್ಮೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಏನೋ ಬರೆದರು, ಬಹಳ ಹೊತ್ತು ಬರೆದರು. ಆಮೇಲೆ ಆ ಹಾಳೆಯನ್ನು ನನ್ನ ಕಡೆ ಚಾಚಿದರು.

“ಮನೆಯವರು ಓದಿ ತಿಳ್ಕೊಂಡಿದ್ದಾರೆ ಅಂತ ಇಲ್ಲೊಂದು ಸಹಿ ಹಾಕಮ್ಮ.”

ಹಾಳೆಯ ನಡುವೆ ‘ರೋಗಿಯ ಚೇತರಿಕೆಗೆ ಇರುವ ಅಡ್ಡಿಗಳು’ ಎಂಬ ಚೌಕ. ಅದರಲ್ಲಿ ಮೂರೇ ಪದ: ‘ಸೊಸೆ. ಅತಿಯಾದ ಸಹಾಯ.’ ಅದರ ಕೆಳಗೆ, ನನ್ನ ಬಗ್ಗೆ ಈವರೆಗೆ ಯಾರೂ ಹಾಕಿರದಷ್ಟು ಸ್ಪಷ್ಟವಾಗಿ, ದೇಶದ ಯಾವ ಕಾಲೇಜೂ ತಳ್ಳಿಹಾಕಲಾಗದಂಥ ಡಾಕ್ಟರ್ ಸ್ವೊಬೊಡಾ ಅವರ ಸಹಿ, ಲೈಸೆನ್ಸ್ ನಂಬರಿನ ಸಮೇತ.