ಕಲ್ಲಪ್ಪಣ್ಣನ ಹೆಸರು, ನನ್ನ ಬೆರಳು

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ಸಿಗರೇಟಿನದು. ನನಗೆ ಬೇರೆಯವರ ಅರ್ಜಿ ತುಂಬುವ ಚಟ. ಬಿಟಿಎಂ ಲೇಔಟಿನ ನಮ್ಮ ಕಟ್ಟಡದಲ್ಲಿ ಯಾರಾದರೂ ‘ನಾಳೆ ಸರ್ಕಾರಿ ಆಫೀಸಿಗೆ ಹೋಗ್ಬೇಕು’ ಎಂದು ನಿಟ್ಟುಸಿರಿಟ್ಟರೆ ಸಾಕು, ಮೂರನೇ ಮಹಡಿಯಿಂದ ಲ್ಯಾಪ್‌ಟಾಪ್ ಎತ್ತಿಕೊಂಡು ಬರಿಗಾಲಲ್ಲೇ ಇಳಿದು ಬರುತ್ತೇನೆ. “ಎಲ್ಲಾ ಆನ್‌ಲೈನ್ ಅಂಕಲ್! ಕೂತಲ್ಲೇ ಆಗುತ್ತೆ, ನೀವು ಟೀ ಕುಡೀರಿ ಸಾಕು.” ಸರ್ಕಾರ ನನಗೆ ಸಂಬಳ ಕೊಡುವುದಿಲ್ಲ. ಕೊಡದೇ ಇರುವುದಕ್ಕೆ ಕಾರಣವೂ ಇದೆ. ಅಮ್ಮನ ಹಿರಿಯ ನಾಗರಿಕರ ಕಾರ್ಡಿಗೆ ಅರ್ಜಿ ಹಾಕುವಾಗ ಅವಸರದಲ್ಲಿ ‘ಪುರುಷ’ ಎಂದು ಒತ್ತಿಬಿಟ್ಟಿದ್ದೆ. ಅಪ್ಪ ಇವತ್ತಿಗೂ ಅಡುಗೆಮನೆಯತ್ತ ತಿರುಗಿ, “ಸಾರ್, ಒಂದು ಲೋಟ ಕಾಫಿ ಸಿಗುತ್ತಾ?” ಎನ್ನುತ್ತಾರೆ. ಅಷ್ಟಕ್ಕೇ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ನೆಲಮಹಡಿಯಲ್ಲಿ ಕಲ್ಲಪ್ಪಣ್ಣ ಬಾಡಿಗೆಗಿದ್ದಾರೆ. ಬಾಗಲಕೋಟೆ ಕಡೆಯವರು, ಬನ್ನೇರುಘಟ್ಟ ರಸ್ತೆಯ ಯಾವುದೋ ಕಂಪನಿಯಲ್ಲಿ ಡ್ರೈವರ್. ಮಗಳು ಅಕ್ಷತಾಗೆ ಜಯನಗರದ ಕಾಲೇಜಿನಲ್ಲಿ ಸೈನ್ಸ್ ಸೀಟು ಸಿಕ್ಕಿತ್ತು. ಶುಲ್ಕದಲ್ಲಿ ರಿಯಾಯಿತಿ ಸಿಗಬೇಕಾದರೆ ಅಪ್ಪನ ಆದಾಯ ಪ್ರಮಾಣಪತ್ರ ಕೊಡಬೇಕು. “ನಾಳೆ ರಜಾ ಹಾಕಿ ಆಫೀಸಿಗೆ ಹೋಗಿ ಬರ್ತೀನ್ರಿ ಸರ” ಎಂದರು. ನನ್ನ ಕಿವಿ ನಿಮಿರಿತು. “ರಜೆ ಯಾಕಣ್ಣ ವೇಸ್ಟು? ಕೊಡಿ ಇಲ್ಲಿ” ಎಂದು ಅವರ ಮಂಚದ ಮೇಲೆಯೇ ಕೂತೆ. ಹೆಸರನ್ನು ಇಂಗ್ಲಿಷಿನಲ್ಲಿ ಕುಟ್ಟಿದೆ, ಪಕ್ಕದ ಕಾಲಂ ತಾನಾಗಿ ಕನ್ನಡದಲ್ಲಿ ತುಂಬಿಕೊಂಡಿತು. ‘ಒಮ್ಮೆ ಪರಿಶೀಲಿಸಿ’ ಎಂದು ಪರದೆ ಕೇಳಿಕೊಂಡಿತು. ಪರಿಶೀಲಿಸುವುದು ನನ್ನಂಥ ಅನುಭವಸ್ಥರಿಗಲ್ಲ. ಒತ್ತಿದೆ. ಅಕ್ಷತಾಳ ಅಮ್ಮ ಕೊಟ್ಟ ಚುರುಮುರಿ ತಿಂದು ಮಹಡಿ ಹತ್ತಿದೆ.

ಪ್ರಮಾಣಪತ್ರ ಬಂದಾಗ ಪ್ರಿಂಟ್ ತೆಗೆಸಿ, ನನ್ನ ಸ್ವಂತ ಖರ್ಚಿನಲ್ಲಿ ಲ್ಯಾಮಿನೇಷನ್ ಬೇರೆ ಮಾಡಿಸಿ ಕೊಟ್ಟೆ. ಕಾಲೇಜಿಗೂ ಜೊತೆಗೇ ಹೋದೆ. ಕೆಲಸವೇನೂ ಇರಲಿಲ್ಲ, ಹೊಗಳಿಸಿಕೊಳ್ಳುವುದಿತ್ತು. ಕೌಂಟರಿನ ಮೇಡಂ ಕನ್ನಡಕ ಏರಿಸಿ ಇಡೀ ಸಾಲಿಗೆ ಕೇಳುವಂತೆ ಕೂಗಿದರು.

“ಕಳ್ಳಪ್ಪ! ಕಳ್ಳಪ್ಪ ಯಾರ್ರೀ ಇಲ್ಲಿ?”

ಸಾಲು ಗೊಳ್ಳೆಂದಿತು. ಅಕ್ಷತಾ ತಲೆ ತಗ್ಗಿಸಿದಳು. ಕಲ್ಲಪ್ಪಣ್ಣ ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು, ಆಮೇಲೆ ನಿಧಾನವಾಗಿ ಕೈ ಎತ್ತಿದರು. “ನಾನ ರೀ.”

“ಮಾರ್ಕ್ಸ್ ಕಾರ್ಡಲ್ಲಿ ಕಲ್ಲಪ್ಪ ಅಂತಿದೆ, ಇದ್ರಲ್ಲಿ ಕಳ್ಳಪ್ಪ. ಇಬ್ರಲ್ಲಿ ನಿಮ್ಮಪ್ಪ ಯಾರಮ್ಮ? ಶನಿವಾರದೊಳಗೆ ಸರಿ ಮಾಡಿಸ್ಕೊಂಡ್ ಬನ್ನಿ. ಇಲ್ಲಾಂದ್ರೆ ಈ ವರ್ಷ ರಿಯಾಯಿತಿ ಇಲ್ಲ.”

ಇಂಗ್ಲಿಷಿಗೆ ಲಕಾರವೂ ಒಂದೇ, ಳಕಾರವೂ ಒಂದೇ. ವಿಚಿತ್ರವೆಂದರೆ ಕಲ್ಲಪ್ಪಣ್ಣನ ತಂದೆ ಮಲ್ಲಪ್ಪನವರ ಹೆಸರು ಮಾತ್ರ ಸ್ವಚ್ಛವಾಗಿ ಬಂದಿತ್ತು. ಹೊರಗೆ ಬಂದು, “ಅಣ್ಣ, ನೀವಾದ್ರೂ ಒಂದ್ಸಲ ಓದಬಾರ್ದಿತ್ತಾ?” ಎಂದೆ. ನಾಚಿಕೆಯಿಲ್ಲದ ಬಾಯಿ ನನ್ನದು.

“ನೀವು ಓದಿರ್ತೀರಿ ಅಂತ ನಾ ಓದ್ಲಿಲ್ರಿ” ಎಂದರು. ಸ್ವಲ್ಪ ದೂರ ನಡೆದ ಮೇಲೆ ಅವರಿಗೇ ನಗು ಬಂತು. “ನಮ್ಮಪ್ಪ ಕಲ್ಲೇಶ್ವರನ ಹೆಸರು ಇಟ್ಟಿದ್ದ ನೋಡ್ರಿ. ಇಷ್ಟು ವರ್ಷ ದೇವರಾಗಿದ್ದೆ. ನೀವು ಒಂದ ಬಟ್ಟಿಲೆ ಒತ್ತಿ ಕಳ್ಳನ ಮಾಡಿದ್ರಲ್ರೀ ಸಾಹೇಬ್ರ!”

“ಆನ್‌ಲೈನಲ್ಲೇ ತಿದ್ದುಪಡಿ ಹಾಕ್ತೀನಿ ಅಣ್ಣ…”

“ಬ್ಯಾಡ್ರಿ! ಕೈ ಮುಗೀತೀನಿ.”

ಕೊನೆಗೆ ರಜೆ ಹಾಕಿ ಆಫೀಸಿಗೇ ಹೋದರು. ಪ್ರಾಯಶ್ಚಿತ್ತಕ್ಕೆಂದು ನಾನೂ ಹೋದೆ. ಸಾಲಿನಲ್ಲಿ ನಿಂತು ನಿಂತು ಕೌಂಟರ್ ಮುಟ್ಟಿದಾಗ ಅಧಿಕಾರಿ ಕೇಳಿದರು. “ಇದನ್ನ ತುಂಬಿದ ಬುದ್ಧಿವಂತ ಯಾರು? ಕಣ್ಣು ಕಾಣ್ಸಲ್ವಾ ಅವ್ನಿಗೆ?” ನಾನು ಕಲ್ಲಪ್ಪಣ್ಣನ ಪಕ್ಕದಲ್ಲೇ ಇದ್ದೆ. ‘ನಾನೇ ಸಾರ್’ ಎನ್ನಲು ಬಾಯಿ ತೆರೆದವನು, ಆಕಳಿಕೆ ಬಂದವನಂತೆ ನಟಿಸಿ ಕಂಬದ ಮೇಲಿನ ನೋಟೀಸು ಓದತೊಡಗಿದೆ. ಜೀವನದಲ್ಲಿ ಮೊದಲ ಬಾರಿಗೆ ಸರ್ಕಾರಿ ನೋಟೀಸನ್ನು ಕೊನೆಯ ಅಕ್ಷರದವರೆಗೂ ಓದಿದೆ.

ಕಲ್ಲಪ್ಪಣ್ಣ ನನ್ನತ್ತ ತಿರುಗಿಯೂ ನೋಡಲಿಲ್ಲ. “ಸೈಬರ್ ಅಂಗಡ್ಯಾಗ ಯಾವನೋ ಹುಡುಗ ಮಾಡ್ಯಾನ್ರಿ” ಎಂದರು. “ಪಾಪ, ಸಣ್ಣವ.”

ಹೊಸ ಪತ್ರ ಕೈಗೆ ಬರುವಷ್ಟರಲ್ಲಿ ಶನಿವಾರ ಕಳೆದಿತ್ತು. ಅಕ್ಷತಾ ಸೈನ್ಸ್ ಬಿಡಲಿಲ್ಲ. ಅವಳಪ್ಪ ಬಿಟ್ಟದ್ದು ಭಾನುವಾರದ ರಜೆಯನ್ನು. ಅವತ್ತೂ ಯಾರದೋ ಕಾರು ಓಡಿಸುತ್ತಾರೆ. ಮೆಟ್ಟಿಲಲ್ಲಿ ಸಿಕ್ಕರೆ “ಆರಾಮ್ರೀ ಸರ?” ಎಂದು ಮೊದಲಿನಂತೆಯೇ ಕೇಳುತ್ತಾರೆ. ಬೈದಿದ್ದರೆ ಚೆನ್ನಾಗಿತ್ತು.

ಈಗಲೂ ಎಲ್ಲರಿಗೂ ಹೇಳುತ್ತೇನೆ, ಆನ್‌ಲೈನ್ ಒಳ್ಳೆಯದೇ, ಆದರೆ ಒತ್ತುವ ಮೊದಲು ಓದಿ, ನಿಮ್ಮ ಅರ್ಜಿಯನ್ನು ನೀವೇ ಓದಿ. ನನ್ನನ್ನು ಮಾತ್ರ ಕರೆಯಬೇಡಿ. ಆ ಹಳೇ ಪ್ರಮಾಣಪತ್ರ ನನ್ನ ಮೇಜಿನ ಮೇಲಿದೆ. ಲ್ಯಾಮಿನೇಷನ್ ಗಟ್ಟಿ, ಹರಿಯಲು ಬರುವುದಿಲ್ಲ. ದಿನಾ ಓದುತ್ತೇನೆ. ಓದಿದಷ್ಟೂ ಒಂದು ಸಂಗತಿ ಸ್ಪಷ್ಟವಾಗುತ್ತಿದೆ. ಅದರಲ್ಲಿ ಹೆಸರು ಸರಿಯಾಗಿಯೇ ಇದೆ, ತಪ್ಪಿರುವುದು ವಿಳಾಸ. ನೆಲಮಹಡಿ ಎಂದಿದೆ, ಮೂರನೇ ಮಹಡಿ ಎಂದಿರಬೇಕಿತ್ತು.